ತೂಫಾನನಿಗೆ ಹೇಳಬಾರದ ಮಾತು

ಖಾರಘರ
ನವಿ ಮುಂಬಯಿ
14 ಆಗಸ್ಟ್ 2024

ರೇವಣಸಿದ್ದಣ್ಣನಿಗೆ ಸರ್ವೋತ್ತಮನ ನಮಸ್ಕಾರ.

ಆವತ್ತು ನಮ್ಮ ಕುದುರೆರಾಯ ಎಲ್ಲಿ ನಿಂತಿದ್ದನೋ ಇವತ್ತೂ ಅಲ್ಲಿಯೇ ನಿಂತಿದ್ದಾನೆ ಮಾರಾಯ್ರೆ. ನಡುವೆ ಹುಲ್ಲು ತಿಂದ, ನಿದ್ದೆ ಮಾಡಿದ, ನನ್ನ ಕ್ಯಾಂಟೀನಿನ ಕಿಟಕಿಯೊಳಗೆ ತಲೆ ಹಾಕಿ ಎರಡು ಕ್ಯಾರೆಟ್ ಮುಗಿಸಿದ. ಕೆಲಸ ಅಂದ ಕೂಡಲೇ ಇಪ್ಪತ್ತು ಹೆಜ್ಜೆ ಹಾಕುವುದು, ನಿಲ್ಲುವುದು. ಹೆಸರು ನೋಡಿದರೆ ತೂಫಾನ್. ನಾವು ಕಲ್ಯಾಣದ ಹೋಟೆಲಿನಲ್ಲಿ ನಿನ್ನೆಯ ಸಾಂಬಾರಿಗೆ ಸ್ಪೆಷಲ್ ಎಂದು ಬೋರ್ಡು ಹಾಕುತ್ತಿದ್ದ ಹಾಗೆ.

ಫೋನಿನಲ್ಲಿ ಅರ್ಧ ಗಂಟೆ ಇದನ್ನೇ ಹೇಳಿದೆ. ನೀವು "ಹಾಂ, ಛಲೋ ಆತು" ಎಂದಿರಿ. ಎಂತ ಛಲೋ ಆದದ್ದು? ಅದಕ್ಕೇ ಈಗ ಕಾಗದದಲ್ಲಿ ಮೊದಲಿನಿಂದ ಬರೆಯುತ್ತೇನೆ. ನಾನು ಶಾಲೆಗೆ ಹೋದದ್ದು ಆರನೆಯವರೆಗೆ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ನೀವು ಹೋದದ್ದು ಐದನೆಯವರೆಗೆ, ಹಾಗಾಗಿ ಭಯ ಇಲ್ಲ.

ಹೋಟೆಲಿನ ಬಿಲ್ಡಿಂಗು ಕೆಡವಿದ ಮೇಲೆ ನಾನು ಇಲ್ಲಿ ಗುಡ್ಡದ ಬುಡದ ಕುದುರೆ ಕ್ಲಬ್ಬಿನಲ್ಲಿ ಕ್ಯಾಂಟೀನು ಹಿಡಿದದ್ದು ನಿಮಗೆ ಗೊತ್ತುಂಟು. ಕ್ಲಬ್ಬಿನ ಮಾಲಕಿ ಸುಮೇಧಾ ಮೇಡಂ. ಹೊಸಬರನ್ನು ಕೂರಿಸಿ ಕಲಿಸಲು ಒಂದು ಸಾಧು ಕುದುರೆ ಬೇಕೆಂದು ಡೊಂಬಿವಲಿಯ ಸಂದೇಶನಿಂದ ತೂಫಾನನನ್ನು ತಂದರು. ಸಂದೇಶನದ್ದು ಮದುವೆ ಬ್ಯಾಂಡು, ತೂಫಾನ್ ಮದುಮಗನನ್ನು ಹೊರುವ ಬಿಳಿ ಕುದುರೆ. ದೀಪಾವಳಿವರೆಗೆ ಟ್ರಯಲ್. ಹೊಸಬರು ಕೂತಾಗ ಮುಂದೆ ಹೋದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ವಾಪಸ್. ತುಳಸಿ ಲಗ್ನ ಮುಗಿದ ಮರುದಿನದಿಂದಲೇ ಮದುವೆ ಸೀಸನ್. ಅವನಿಗೆ ಪಟಾಕಿ ಆಗುವುದಿಲ್ಲ ರೇವಣ್ಣ. ಮೊನ್ನೆ ಕ್ರಿಕೆಟಿಗೆ ಯಾರೋ ಒಂದು ಮಾಲೆ ಹಚ್ಚಿದರು. ಅವನು ಓಡಲಿಲ್ಲ, ಕುಣಿಯಲಿಲ್ಲ. ನಿಂತಲ್ಲೇ ಮೈಯ ಚರ್ಮ ಪಾಯಸದ ಕೆನೆಯ ಹಾಗೆ ನಡುಗಿತು. ಆಮೇಲೆ ಎರಡು ದಿನ ಕಿಟಕಿಗೆ ಬರಲಿಲ್ಲ.

ಹಾಗಾಗಿ ಅವನು ಇಲ್ಲೇ ಉಳಿಯಬೇಕು. ಉಳಿಯಬೇಕಾದರೆ ನಡೆಯಬೇಕು.

ನಿಮ್ಮ ತಂದೆಯ ಟಾಂಗಾ ನೀವು ಇಪ್ಪತ್ತೈದನೇ ವಯಸ್ಸಿನವರೆಗೆ ಓಡಿಸಿದವರು. ಆಮೇಲಲ್ಲವಾ ಕಲ್ಯಾಣಕ್ಕೆ ಬಂದು ದೋಸೆ ಕಾವಲಿಯ ಮುಂದೆ ನಿಂತದ್ದು. ಏನಾದರೂ ಉಪಾಯ ಹೇಳಿ. ಅವನ ಮೇಲೆ ದಿನಾ ಕೂರುವವರು ಕ್ಲಬ್ಬಿನ ಒಬ್ಬರು ಮೆಂಬರು. ಐವತ್ತು ದಾಟಿದೆ, ಹೊಟ್ಟೆ ಉಂಟು, ಧೈರ್ಯ ಸ್ವಲ್ಪ ಕಡಿಮೆ. ಹೆಸರು ಬೇಡ, ಮರ್ಯಾದೆಯ ಪ್ರಶ್ನೆ.

ಪುಷ್ಪಾವತಿ ಊಟಕ್ಕೆ ಏಳನೇ ಸಲ ಕರೆಯುತ್ತಿದ್ದಾಳೆ. ಹತ್ತು ಆಗಲಿ, ಏಳುತ್ತೇನೆ.

ನಿಮ್ಮ
ಸರ್ವೋತ್ತಮ


ವಿಜಯಪುರ
22 ಆಗಸ್ಟ್ 2024

ತಮ್ಮಾ ಸರ್ವೋತ್ತಮ,

ನಿನ್ನ ಕಾಗದ ಮುಟ್ಟಿತು. ಹಿಂಗ ಬರಿ. ಫೋನ್ ಮಾಡಬ್ಯಾಡ, ಇಲ್ಲಿ ಟವರ್ ಸರಿ ಇಲ್ಲ.

ಕುದರಿ ಮೈಗಳ್ಳ ಅನ್ನೂದಕ್ಕ ಮೊದಲ ಅದಕ್ಕ ಎಲ್ಲಿ ನೋವು ಅದ ನೋಡು. ನಾಲ್ಕೂ ಗೊರಸು ಎತ್ತಿ ನೋಡು. ಬಾಯಾಗ ಲಗಾಮು ಚುಚ್ಚತದೇನು ನೋಡು. ಜೀನಿನ ಪಟ್ಟಿ ಕೆಳಗ ಕೈ ಹಾಕಿ ನೋಡು. ನಮ್ಮಪ್ಪ ಹೊತ್ತಾರೆ ಎದ್ದ ಕೂಡಲೆ ಮಕ್ಕಳ ಮಾರಿ ನೋಡತಿದ್ದಿಲ್ಲ, ಕುದರಿ ಹೊಟ್ಟಿ ಕೆಳಗ ಕೈ ಆಡಸತಿದ್ದ. ಅದಾದ ಮ್ಯಾಲೆ ಉಳಿದದ್ದು ಹೇಳತೀನಿ.

ಆ ಮೆಂಬರಗ ಹೇಳು, ಹೊಟ್ಟಿ ಇದ್ದವರೂ ಕುದರಿ ಮ್ಯಾಲೆ ಕೂಡಬಹುದು. ಹೆದರಿಕಿ ಇಟಗೊಂಡು ಮಾತ್ರ ಕೂಡಬಾರದು, ಅದರ ತೂಕ ಭಾಳ.

ರೇವಣಸಿದ್ದ


ಖಾರಘರ
2 ಸೆಪ್ಟೆಂಬರ್ 2024

ರೇವಣಸಿದ್ದಣ್ಣ,

ನಿಮ್ಮ ಊರಿನ ಗೋಲಗುಮ್ಮಟದಲ್ಲಿ ಪಿಸುಗುಟ್ಟಿದರೆ ಏಳು ಸಲ ಕೇಳುತ್ತದಂತೆ. ನನ್ನ ಫೋನಿಗೆ ಮಾತ್ರ ಟವರ್ ಇಲ್ಲ. ಇರಲಿ.

ನೀವು ಹೇಳಿದ್ದು ಸರಿ ಆಯಿತು. ಹೊಟ್ಟೆಯ ಪಟ್ಟಿ ತಾಗುವಲ್ಲಿ ಎರಡು ಬೆರಳಿನಷ್ಟು ಚರ್ಮ ಸುಲಿದಿತ್ತು. ಬಿಳಿ ಕೂದಲಿನ ಅಡಿ ಯಾರಿಗೂ ಕಂಡಿರಲಿಲ್ಲ. ಡಾಕ್ಟರ್ ಬಂದರು, ಮುಲಾಮು ಕೊಟ್ಟರು, ಐದು ದಿನ ರಜೆ. ಹೊಸ ಮೆತ್ತನೆಯ ಪಟ್ಟಿ ಬಂತು. ಮೇಡಂ ನನ್ನನ್ನು ಕರೆದು "ಅಣ್ಣಾ, ತುಮ್ಹಾಲಾ ಕಸಂ ಕಳಲಂ?" ಎಂದು ಕೇಳಿದರು. ಹೇಗೆ ಗೊತ್ತಾಯಿತು ಅಂತ. ನಾನು ಅನುಭವ ಎಂದೆ. ನಿಮ್ಮ ಹೆಸರು ಹೇಳಲಿಲ್ಲ, ಕ್ಷಮಿಸಿ, ನನಗೂ ಸ್ವಲ್ಪ ಹೆಸರು ಬೇಡವಾ?

ಗಾಯ ವಾಸಿಯಾದ ಮೇಲೆ ಮುಖ ಗೆಲುವಾಗಿದೆ. ಆದರೂ ಇಪ್ಪತ್ತನೇ ಹೆಜ್ಜೆಗೆ ಸ್ಟಾಪ್. ಸಂದೇಶನಿಗೆ ಫೋನ್ ಮಾಡಿ ಕೇಳಿದೆ. ಅವನು ನಕ್ಕು ಹೇಳಿದ: "ಸೇಠ್, ಬರಾತ್‌ನಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ಬ್ಯಾಂಡು ನಿಂತು ಬಾರಿಸುತ್ತದೆ. ಮಾವಂದಿರೆಲ್ಲ ಕುಣಿಯುತ್ತಾರೆ. ಕುದುರೆ ಮುಂದೆ ಹೋದರೆ ಯಾರಾದರೂ ಅಡಿಗೆ ಬೀಳುತ್ತಾರೆ. ಹೋಗದಿರುವುದೇ ಅವನ ಡ್ಯೂಟಿ." ನೋಡಿ, ಎಂಟು ವರ್ಷ ಒಂದೇ ನೌಕರಿ ಚೆನ್ನಾಗಿ ಮಾಡಿದವನನ್ನು ನಾವು ಸೋಮಾರಿ ಎನ್ನುತ್ತಿದ್ದೇವೆ.

ಕಲಿಸುವ ಮಾಸ್ತರ ಅನೀಶ ಅಂತ, ಒಳ್ಳೆಯ ಹುಡುಗ, ಆದರೆ ಕನ್ನಡ ಬಾರದು. ಅವನು ಈ ಕೆಲಸಕ್ಕೆ ಫ್ಲಾಟ್‌ವರ್ಕ್ ಎನ್ನುತ್ತಾನೆ. ಖಾರಘರದಲ್ಲಿ ಫ್ಲಾಟ್ ಅಂದರೆ ಟೂ ಬಿಎಚ್‌ಕೆ ಎಂದೇ ನಾನು ತಿಳಿದದ್ದು. ಹಾಗಲ್ಲವಂತೆ. ಹಾರುವುದು ಜಿಗಿಯುವುದು ಇಲ್ಲ, ಸಪಾಟು ಅಂಗಳದಲ್ಲಿ ನಡಿಗೆ, ಸಣ್ಣ ಓಟ, ಸುತ್ತು, ನಿಲ್ಲುವುದು. ಅಷ್ಟೇ. ಅಂಗಳದ ಸುತ್ತ ಇಂಗ್ಲಿಷ್ ಅಕ್ಷರ ಬರೆದಿಟ್ಟಿದ್ದಾರೆ. ಎ ಆದ ಮೇಲೆ ಕೆ, ಆಮೇಲೆ ಇ. ಬರೆದವರು ನನಗಿಂತ ಬೇಗ ಶಾಲೆ ಬಿಟ್ಟವರು.

ಅನೀಶ ಮಧ್ಯದಲ್ಲಿ ನಿಂತು "ಲೆಗ್, ಲೆಗ್, ಲೆಗ್" ಎನ್ನುತ್ತಾನೆ. ಮೆಂಬರು ಹೆಜ್ಜೆ ಹೆಜ್ಜೆಗೂ ಎರಡೂ ಕಾಲು ಬಡಿಯುತ್ತಾರೆ. ತೂಫಾನನಿಗೆ ಅದು ಸೊಳ್ಳೆ ಓಡಿಸಿದ ಹಾಗೆ. ಮೆಂಬರರ ತೊಡೆ ಮಾತ್ರ ರಾತ್ರಿ ಎಣ್ಣೆ ಕೇಳುತ್ತದಂತೆ. ಅವರೇ ಹೇಳಿದ್ದು.

ಸರ್ವೋತ್ತಮ


ವಿಜಯಪುರ
9 ಸೆಪ್ಟೆಂಬರ್ 2024

ತಮ್ಮಾ,

ಕಲ್ಯಾಣದಾಗ ನೀ ಗಲ್ಲಾದ ಮ್ಯಾಲೆ ಕುಂತು ದಿನಪೂರ್ತಿ ಟಿಣ್ ಟಿಣ್ ಗಂಟಿ ಬಾರಸತಿದ್ದಿ. ಸಪ್ಲಾಯರ್ ಸುನಿಲ ಬರತಿದ್ದನೇನು? ಅವಗ ಅದು ಫ್ಯಾನಿನ ಸಪ್ಪಳ ಆಗಿತ್ತು. ನೀ ಜಡ್ಡು ಬಿದ್ದು ಬರದ ದಿನಾ ನಾ ಒಮ್ಮೆ ಬಾರಿಸಿದೆ. ಮೂರು ಮಂದಿ ಓಡಿ ಬಂದ್ರು.

ಕುದರಿಗೂ ಅಷ್ಟ. ಮೆತ್ತಗ ಒಮ್ಮೆ ಕಾಲು ಒತ್ತು. ಹೋಗಲಿಲ್ಲ ಅಂದ್ರ ಕಾಲಿನ ಹಿಂದ ಬೆತ್ತದಿಂದ ಒಂದು ತಟ್ಟು, ಹೊಡಿಬ್ಯಾಡ. ಹೆಜ್ಜಿ ಇಟ್ಟಿತು ಅಂದ್ರ ಆಗಿಂದಾಗ ಕಾಲು ಸುಮ್ನ ಇಡು, ಕೈ ಸಡಲ ಬಿಡು. ಸುಮ್ನಿರೂದ ಅದಕ್ಕ ಬಕ್ಷೀಸು. ಅದು ಹೋಗತಿರುವಾಗ ನೀ ಬಡದಿ ಅಂದ್ರ, ಹೋದದ್ದು ತಪ್ಪಾತೇನೋ ಅಂತ ತಿಳಿತದ.

ಇನ್ನೊಂದು. ಆ ಮೆಂಬರ್ ಕಾಲಿಲೆ ಹೋಗು ಅಂತಾನ, ಕೈಯಿಲೆ ಲಗಾಮು ಜಗ್ಗಿ ಹಿಡಿತಾನ. ನಾ ನೋಡಿಲ್ಲ, ಖರೆ ಗೊತ್ತದ. ಹೆದರಿದವರೆಲ್ಲ ಹಂಗ ಮಾಡತಾರ.

ಮತ್ತ ಅಂವ ಬಾಯಿಲೆ ಏನು ಅಂತಾನ? ಅಕ್ಷರ ಬಿಡದ ಬರದು ಕಳಸು.

ಗಲ್ಲಾದ ಮ್ಯಾಲೆ ಕುಂತಂಗ ಕೂಡತಾನ ಅಂತ ಅನಸತದ ನನಗ, ಈ ಮೆಂಬರ್.

ರೇವಣಸಿದ್ದ


ಖಾರಘರ
18 ಸೆಪ್ಟೆಂಬರ್ 2024

ರೇವಣಸಿದ್ದಣ್ಣ,

ಆಯಿತು, ಸಿಕ್ಕಿಬಿದ್ದೆ. ಮೆಂಬರು ನಾನೇ.

ಹೇಗೆಂದರೆ, ಜುಲೈಯಲ್ಲಿ ಮೇಡಂ ಚಹಾ ಕುಡಿಯುತ್ತಾ ತೂಫಾನನನ್ನು ವಾಪಸ್ ಮಾಡುವ ಮಾತು ತೆಗೆದರು. ನಾನು ಮಧ್ಯೆ ಬಾಯಿ ಹಾಕಿದೆ. ಅವರು ತಮಾಷೆಗೆ "ಅಣ್ಣಾ, ನೀವು ಕೂತು ಮುಂದೆ ಓಡಿಸಿದರೆ ಇಟ್ಟುಕೊಳ್ಳುತ್ತೇನೆ. ನಿಮ್ಮ ಕೈಯಲ್ಲಿ ಹೋದರೆ ಯಾರ ಕೈಯಲ್ಲೂ ಹೋಗುತ್ತಾನೆ" ಎಂದರು. ಇಡೀ ಕ್ಲಬ್ಬು ನಕ್ಕಿತು. ನಾನೂ ನಕ್ಕೆ. ಮರುದಿನ ಬೆಳಿಗ್ಗೆ ಇಡ್ಲಿ ಇಳಿಸಿ ಹೆಲ್ಮೆಟ್ ಹಾಕಿ ನಿಂತೆ. ಇಲ್ಲಿಯವರೆಗೆ ನಾನು ಹತ್ತಿದ ಪ್ರಾಣಿ ಅಂದರೆ ಕಲ್ಯಾಣದ ಲೋಕಲ್ ಟ್ರೈನು.

ನಿನ್ನೆ ಗಣಪತಿ ವಿಸರ್ಜನೆ. ಹೊರಗೆ ರಸ್ತೆಯಲ್ಲಿ ಬ್ಯಾಂಜೋ, ತಾಸೆ. ಅಂಗಳದಲ್ಲಿ ತೂಫಾನ್, ಮೇಲೆ ನಾನು. ಬ್ಯಾಂಡು ಬಾರಿಸುವುದು ನಿಲ್ಲಿಸಿ ಮುಂದೆ ಹೊರಟಿತು. ಇವನು ಅಷ್ಟು ಹೊತ್ತು ಕಲ್ಲಾಗಿದ್ದವನು, ಸೀದಾ ತೆರೆದ ಗೇಟಿನಿಂದ ಹೊರಗೆ, ಮೆರವಣಿಗೆಯ ನಡುವಿಗೆ. ನಾನು ಹೆಲ್ಮೆಟ್ಟಿನಲ್ಲಿ, ಏಪ್ರನ್ನಿನಲ್ಲಿ. ಜನ ಗುಲಾಲು ಹಾಕಿದರು. ಒಬ್ಬ ಅಜ್ಜಿ ಕೈ ಮುಗಿದರು. ಇಳಿಯುವಾಗ ಕಾಲು ಉಳುಕಿತು.

ಅದನ್ನು ಹೇಳಲು ನಿನ್ನೆ ಸಂಜೆ ನಿಮಗೆ ಫೋನ್ ಮಾಡಿದೆ. ಕಾಲು ಉಳುಕಿದೆ ಎಂದೆ. ನೀವು "ಛಲೋ ಆತು, ಛಲೋ" ಎಂದು ಕಟ್ ಮಾಡಿದಿರಿ. ಮಾರಾಯ್ರೆ, ನನ್ನ ಮೇಲೆ ಬೇಜಾರು ಉಂಟಾ? ಹೋಟೆಲು ಮುಚ್ಚಿದ ದಿನ ನಿಮ್ಮನ್ನು ಬಿಡಲು ಸ್ಟೇಷನ್ನಿಗೆ ಬರಲಿಲ್ಲ, ಅದಕ್ಕಾ? ಬರಲಿಲ್ಲ ಎಂದರೆ, ಬಂದಿದ್ದೆ. ಬ್ರಿಜ್ಜಿನ ಮೇಲೆ ನಿಂತಿದ್ದೆ. ಮುಂದೆ ಹೆಜ್ಜೆ ಬರಲಿಲ್ಲ.

ಗಂಟೆಯ ಮಾತು ಪುಷ್ಪಾವತಿಗೆ ಓದಿ ಹೇಳಿದೆ. ಅವಳಿಗೆ ತುಂಬಾ ಹಿಡಿಸಿತು, ಕಾಗದ ಅವಳ ಹತ್ತಿರವೇ ಉಂಟು. ಕೈ ಸಡಿಲ ಬಿಡುವುದು ಅಭ್ಯಾಸ ಮಾಡುತ್ತಿದ್ದೇನೆ. ಸ್ವಲ್ಪ ಉತ್ತಮ. ಇಪ್ಪತ್ತು ಇದ್ದದ್ದು ಇಪ್ಪತ್ತಾರು ಆಯಿತು. ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಬಾಯಿಯಲ್ಲಿ ಎಂತ ಹೇಳುತ್ತೇನೆ ಅಂದಿರಲ್ಲ. ಅಕ್ಷರ ಬಿಡದೆ ಬರೆದಿದ್ದೇನೆ: "ಹೋ ಮಾರಾಯ, ಹೋ. ಹೋ ನನ್ನಪ್ಪ, ಹೋ. ದಮ್ಮಯ್ಯ, ಹೋ ಹೋ ಹೋ." ಹೋಗು ಎಂದು ಪೂರ್ತಿ ಹೇಳಬೇಕೆಂದಿರುತ್ತೇನೆ. ಮೇಲೆ ಕೂತಾಗ ಉಸಿರು ಸಾಲುವುದಿಲ್ಲ, "ಗು" ಹೊರಗೆ ಬರುವುದಿಲ್ಲ. ಇದಕ್ಕಿಂತ ಪ್ರೀತಿಯಿಂದ ಯಾರು ಕರೆಯುತ್ತಾರೆ ಹೇಳಿ.

ಸರ್ವೋತ್ತಮ


ವಿಜಯಪುರ
25 ಸೆಪ್ಟೆಂಬರ್ 2024

ತಮ್ಮಾ ಸರ್ವೋತ್ತಮ,

ನಿನ್ನ ಕಾಗದ ಓದಿ ನಕ್ಕು ನಕ್ಕು ಹೊಸ್ತಿಲ ಮ್ಯಾಲೆ ಕುಂತೆ. ಸೊಸಿ ಗಂಗಾ ನನಗೇನೋ ಆತಂತ ನೀರು ತಂದಳು.

ಹುಚ್ಚಪ್ಪಾ, ಕುದರಿಗೆ "ಹೋ" ಅಂದ್ರ ನಿಲ್ಲು.

ಟಾಂಗಾದವರು, ಬ್ಯಾಂಡಿನವರು, ಗಾಡಿಯವರು, ಎಲ್ಲಾರೂ ಕುದರಿ ನಿಂದರಸೂದು ಹಂಗ. ಹೋ ಅಂದ್ರ ನಿಂದರತದ. ನೀ ಎರಡು ತಿಂಗಳು ಅದರ ಮ್ಯಾಲೆ ಕುಂತು ನಿಲ್ಲು ನಮ್ಮಪ್ಪ, ನಿಲ್ಲು, ದಮ್ಮಯ್ಯ ನಿಲ್ಲು ಅಂದಿ. ಅದು ನಿಂತದ. ಕಾಲಿಲೆ ಹೋಗು, ಕೈಯಿಲೆ ನಿಲ್ಲು, ಬಾಯಿಲೆ ನಿಲ್ಲು. ಮೂರರಾಗ ಎರಡು ಓಟು ನಿಲ್ಲು ಅಂತ ಬಿದ್ದಾವ. ಇಷ್ಟು ಮಾತು ಕೇಳೂ ಕುದರಿನ್ನ ಮೈಗಳ್ಳ ಅಂತೀಯಲ್ಲ.

ಇನ್ನ ನನ್ನ ಮಾತು. ಟವರ್ ಛಲೋ ಅದ. ನನ್ನ ಕಿವಿ ಹೋಗ್ಯಾವ. ಎರಡು ವರ್ಷ ಆತು, ಮೊದಲ ಎಡದ್ದು, ಆಮ್ಯಾಲೆ ಬಲದ್ದು. ಫೋನಿನಾಗ ನೀ ಗುಂಯ್ ಅಂತಿ, ನಾ ಛಲೋ ಆತು ಅಂತೀನಿ. ಹೇಳಲಿಕ್ಕೆ ನಾಚಿಕಿ ಬಂತು. ನೀ ಚ್ಯಾಷ್ಟಿ ಮಾಡತಿ ಅಂತಲ್ಲ, ಮಾಡೂದು ಬಿಟ್ಟಬಿಡತಿ ಅಂತ.

ನೀ ಫೋನಿನಾಗ ನೂರು ಸಲ ಹೇಳಿದ್ದಿ ಅಂದ್ರೂ ಈ "ಹೋ" ನನಗ ಕೇಳತಿದ್ದಿಲ್ಲ. ಕಾಗದದಾಗ ಕಂಡಿತು.

ಒಂದು ತಿಳದದ. ಕಿವಿ ಇದ್ದಾಗ ಗಂಗಾ ಊಟಕ್ಕ ಹತ್ತು ಸಲ ಕರಿತಿದ್ದಳು, ನಾ ಏಳತಿದ್ದಿಲ್ಲ. ಈಗ ಬಂದು ಭುಜಾ ಒಮ್ಮೆ ಮುಟ್ಟತಾಳ. ಎದ್ದು ಹೋಗತೀನಿ. ಅದಕ್ಕ ನೀನೂ ಬಾಯಿ ಮುಚ್ಚು. ಒಮ್ಮೆ ಮುಟ್ಟು, ಬಿಡು. ಮತ್ತ ಆ ಅಂಗಳದಾಗ ಗಿರಗಿರ ತಿರುಗೂದು ನಾಲ್ಕು ದಿನ ಬಿಟ್ಟು ಹೊರಗ ನೆಟ್ಟಗಿನ ದಾರಿಗೆ ಒಯ್ಯಿ. ದಾರಿ ಕಂಡ್ರ ಕುದರಿಗೆ ತಾನ ಹೋಗಬೇಕು ಅನಸತದ.

ಬ್ರಿಜ್ಜಿನ ಮ್ಯಾಲೆ ನೀ ನಿಂತದ್ದು ನೋಡಿದ್ದೆ. ಹಸರ ಅಂಗಿ. ಗಾಡಿ ಬಿಡೂತನಕ ಕೈ ಎತ್ತಲಿಲ್ಲ ನೀ. ನಾನೂ ಎತ್ತಲಿಲ್ಲ.

ರೇವಣಸಿದ್ದ


ಖಾರಘರ
13 ಅಕ್ಟೋಬರ್ 2024

ರೇವಣಸಿದ್ದಣ್ಣ,

ಕಾಗದ ಬಂದ ದಿನ ನಾನು ತೂಫಾನನ ಹತ್ತಿರ ಹೋಗಿ ಕಿವಿ ಹಿಡಿದು ತಪ್ಪಾಯಿತು ಎಂದೆ. ನನ್ನ ಕಿವಿ. ಅವನ ಕಿವಿ ಹಿಡಿದರೆ ಕಚ್ಚುತ್ತಾನೆ.

ನಿಮ್ಮ ಕಿವಿಯ ವಿಷಯಕ್ಕೆ ನಾನು ಚೇಷ್ಟೆ ನಿಲ್ಲಿಸುವುದಿಲ್ಲ, ಹೆದರಬೇಡಿ. ಎರಡು ವರ್ಷದ ನನ್ನ ಜೋಕುಗಳು ನಿಮಗೆ ಕೇಳಲಿಲ್ಲ ಎಂದು ಪುಷ್ಪಾವತಿಗೆ ಹೇಳಿದೆ. "ಪುಣ್ಯವಂತರು" ಎಂದಳು. ಆಮೇಲೆ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ವಿಚಾರಿಸಿದಳು. ಬಂದು, "ವಾಶಿಯಲ್ಲಿ ಕಿವಿ ಡಾಕ್ಟರ್ ಉಂಟು, ದೀಪಾವಳಿಗೆ ಬರಲಿಕ್ಕೆ ಹೇಳಿ" ಎಂದಳು. ಬನ್ನಿ. ಗಂಗಾಳನ್ನೂ ಮಗನನ್ನೂ ಕರೆದುಕೊಂಡು ಬನ್ನಿ.

ಬಾಯಿ ಮುಚ್ಚುವುದು ಎಷ್ಟು ಕಷ್ಟ. ಮೊದಲ ದಿನ ನಾನು ಮಾತಾಡದೆ ಕುದುರೆ ಹತ್ತಿದ್ದು ನೋಡಿ ಅನೀಶ "ಅಂಕಲ್, ತಬಿಯತ್ ಠೀಕ್ ಹೈ ನಾ?" ಎಂದು ಕೇಳಿದ, ಹುಷಾರಿದ್ದೀರಾ ಅಂತ. ಗುಡ್ಡದ ಬುಡದ ನೇರ ರಸ್ತೆಗೆ ಹೋದೆವು. ಮುಂದೆ ಅನೀಶನ ಕುದುರೆ, ಹಿಂದೆ ನಾವು. ಒಮ್ಮೆ ಒತ್ತಿದೆ. ಏನೂ ಆಗಲಿಲ್ಲ. ಬೆತ್ತ ತಟ್ಟಿದೆ. ಹೆಜ್ಜೆ ಇಟ್ಟ. ನಾನು ಕೂಡಲೇ ಕಾಲು ಸುಮ್ಮನೆ ಇಟ್ಟೆ, ಕೈ ಬಿಟ್ಟೆ, ಉಸಿರನ್ನೂ ಬಿಟ್ಟೆ. ಇಪ್ಪತ್ತು ದಾಟಿತು. ನಲವತ್ತು. ನಾನು ಎಣಿಸುತ್ತಾ ನೂರಹತ್ತಕ್ಕೆ ಲೆಕ್ಕ ತಪ್ಪಿದೆ. ಅವನ ಎರಡೂ ಕಿವಿ ಮುಂದಕ್ಕೆ ನೆಟ್ಟಗಾಗಿದ್ದವು, ಎರಡು ಹೊಸ ಬೆಂಡೆಕಾಯಿಯ ಹಾಗೆ. ಅವನಿಗೆ ದಾರಿ ನೋಡುವುದು ಇಷ್ಟ ರೇವಣ್ಣ. ಎಂಟು ವರ್ಷ ಅವನು ನೋಡಿದ್ದು ಕುಣಿಯುವ ಮಾವಂದಿರ ಬೆನ್ನು ಮಾತ್ರ.

ಈಗ ಅಂಗಳದಲ್ಲೂ ಬೆತ್ತ ಬೇಡ. ಒತ್ತುವ ಮೊದಲೇ, ನಾನು ಬೆನ್ನು ನೆಟ್ಟಗೆ ಮಾಡಿದರೆ ಸಾಕು, ಹೊರಡುತ್ತಾನೆ. ಸಣ್ಣ ಓಟವೂ ಬಂತು. ಅದರಲ್ಲಿ ನನ್ನ ಹೊಟ್ಟೆ ಬೇರೆ ಓಡುತ್ತದೆ, ನಾನು ಬೇರೆ ಓಡುತ್ತೇನೆ.

27ಕ್ಕೆ ಪರೀಕ್ಷೆ. ಮೂರು ಸುತ್ತು ನಡಿಗೆ, ಎರಡು ಸುತ್ತು ಸಣ್ಣ ಓಟ. ಮಧ್ಯೆ ನಿಂತುಬಿಟ್ಟರೆ ಮೇಡಂ ಮಾತು ಮಾತೇ, ವಾಪಸ್. ಸಂದೇಶ ಟೆಂಪೋ ತೆಗೆದುಕೊಂಡೇ ಬರುತ್ತಾನಂತೆ. ಮೂರು ಮದುವೆಗೆ ಅಡ್ವಾನ್ಸ್ ಹಿಡಿದಾಗಿದೆ ಅಂತೆ.

ಹೆದರಿಕೆ ಸ್ವಲ್ಪ ಉಂಟು. ನೀವು ಹೇಳಿದಿರಲ್ಲ, ತೂಕ ಇರುವಂಥದ್ದು.

ಸರ್ವೋತ್ತಮ


ಖಾರಘರ
27 ಅಕ್ಟೋಬರ್ 2024

ರೇವಣಸಿದ್ದಣ್ಣ,

ಇದನ್ನು ಪರೀಕ್ಷೆ ಮುಗಿಸಿ, ಸ್ನಾನ ಮಾಡಿ, ನಿಂತುಕೊಂಡೇ ಬರೆಯುತ್ತಿದ್ದೇನೆ. ಇವತ್ತು ಕೂರಲು ಆಗುವುದಿಲ್ಲ.

ಬೆಳಿಗ್ಗೆ ಏಳಕ್ಕೇ ಜನ. ಗೇಟಿನ ಹೊರಗೆ ಸಂದೇಶನ ಟೆಂಪೋ, ಹಿಂದಿನ ಬಾಗಿಲು ತೆರೆದು ಹುಲ್ಲು ಹಾಸಿ ಇಟ್ಟಿತ್ತು. ತೂಫಾನ್ ಅದನ್ನು ನೋಡಿದ. ನಾನೂ ನೋಡಿದೆ. ಇಬ್ಬರೂ ನೋಡದ ಹಾಗೆ ಮಾಡಿದೆವು.

ನಡಿಗೆ ಮೂರು ಸುತ್ತು ಎಣ್ಣೆ ಹಾಕಿದ ಹಾಗೆ ಆಯಿತು. ಸಣ್ಣ ಓಟ ಒಂದು ಸುತ್ತು ಆಯಿತು. ಎರಡನೆಯದರಲ್ಲಿ ಅರ್ಧ ಬಂದಿದ್ದೆವು. ಬೇಲಿಯ ಹತ್ತಿರ ಪುಷ್ಪಾವತಿ ನಿಂತಿದ್ದಳು. ಅವಳಿಗೆ ಎಲ್ಲ ಹೇಳಿಕೊಟ್ಟಿದ್ದೆ, ಬಾಯಿ ಮುಚ್ಚಿ ನಿಲ್ಲು ಎಂದಿದ್ದೆ. ಸಂತೋಷ ತಡೆಯಲಾಗದೆ ಪಕ್ಕದವರಿಗೆ ಹೇಳಿದಳು: "ಹೋ...ಯ್ತು, ನೋಡಿ, ಹೋ...ಯ್ತು."

ತೂಫಾನ್ ನಿಂತ.

ಕಂಬ ನಿಂತ ಹಾಗೆ ನಿಂತ. ನಾನು ಅವನ ಕುತ್ತಿಗೆಯವರೆಗೆ ಹೋಗಿ ವಾಪಸ್ ಬಂದೆ. ಪುಷ್ಪಾವತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಂದೇಶ ಗೇಟಿಗೆ ಒರಗಿ ನಿಂತವನು ನೆಟ್ಟಗಾದ. ಅನೀಶ "ಲೆಗ್" ಎನ್ನಲು ಬಾಯಿ ತೆರೆದು ತಾನೇ ಮುಚ್ಚಿಕೊಂಡ.

ನನ್ನ ಎರಡೂ ಕಾಲು ಬಡಿಯಲು ಎದ್ದಿದ್ದವು ರೇವಣ್ಣ. ಬಾಯಿಯಲ್ಲಿ ಅದೇ ಮಾತು ಬಂದು ಕೂತಿತ್ತು. ಆಗ ನನಗೆ ನಿಮ್ಮ ಗಂಗಾ ಕಂಡಳು. ಅವಳ ಮುಖ ನಾನು ನೋಡಿಲ್ಲ, ಕೈ ಮಾತ್ರ ಕಂಡಿತು. ಕಾಲು ಇಳಿಸಿದೆ. ಬೆರಳು ಸಡಿಲ ಮಾಡಿದೆ. ಒಂದು ಉಸಿರು ಪೂರ್ತಿ ಹೊರಗೆ ಬಿಟ್ಟೆ. ಮೆತ್ತಗೆ ಒಮ್ಮೆ ಮುಟ್ಟಿಸಿ ಬಿಟ್ಟೆ.

ಅವನ ಒಂದು ಕಿವಿ ಹಿಂದೆ ನನ್ನ ಕಡೆ ತಿರುಗಿತು. ಇದು ಖಂಡಿತವಾ ಎಂದು ಕೇಳಿದ ಹಾಗೆ. ನಾನು ಮಾತಾಡಲಿಲ್ಲ. ಹೊರಟ. ನಡಿಗೆ ಅಲ್ಲ, ಸೀದಾ ಓಟ. ಉಳಿದ ಅರ್ಧ ಸುತ್ತು ಮುಗಿಸಿ, ಯಾರೂ ಕೇಳದ ಇನ್ನೊಂದು ಸುತ್ತನ್ನೂ ಹಾಕಿದ. ಅದನ್ನು ನಾನು ಕೇಳಿರಲಿಲ್ಲ, ನಿಲ್ಲಿಸುವ ಮಾತು ಅವಸರಕ್ಕೆ ಮರೆತೇ ಹೋಗಿತ್ತು.

ಮೇಡಂ ಹತ್ತಿರ ಬಂದರು. ನಾನು ಮೇಲಿನಿಂದಲೇ, "ಮೇಡಂ, ಮಧ್ಯೆ ನಿಂತದ್ದು ಅವನ ತಪ್ಪಲ್ಲ, ನನ್ನ ಹೆಂಡತಿಯ ಕನ್ನಡದ್ದು" ಎಂದೆ.

ಅವರು ಅವನ ಕುತ್ತಿಗೆ ಸವರಿ ಹೇಳಿದ್ದು: "ಅಣ್ಣಾ, ಹೊಸಬರು ಕೂತರೆ ದಿನಕ್ಕೆ ಹತ್ತು ಸಲ ನಿಲ್ಲುತ್ತಾನೆ. ನಿಂತವನು ಬಡಿಸಿಕೊಳ್ಳದೆ ಹೊರಡುತ್ತಾನಾ ಎಂದು ನೋಡಬೇಕಿತ್ತು. ನೋಡಿದೆ." ಆಮೇಲೆ ಗೇಟಿನ ಕಡೆ ತಿರುಗಿ, "ಸಂದೇಶ, ಗಾಡೀ ಬಂದ್ ಕರ್" ಎಂದರು.

ಸಂದೇಶ ಟೆಂಪೋ ಬಾಗಿಲು ಹಾಕಿದ. ಒಳ್ಳೆಯ ಮನುಷ್ಯ. ಹಾಸಿದ್ದ ಹುಲ್ಲನ್ನು ಎತ್ತಿ ತಂದು ತೂಫಾನನ ಮುಂದೆ ಹಾಕಿ, "ಎಂಟು ವರ್ಷ ನನ್ನ ಹತ್ತಿರ ಇದ್ದ ಸೇಠ್, ಓಡುತ್ತಾನೆ ಅಂತ ನನಗೇ ಗೊತ್ತಿರಲಿಲ್ಲ" ಎಂದ. ಅವನಿಗೆ ಮಸಾಲೆ ದೋಸೆ ಕೊಟ್ಟೆ. ಎರಡು ತಿಂದ. ಮದುವೆಗೆ ಈಗ ಹೂವಿನ ಜೀಪು ಮಾಡುತ್ತಾನಂತೆ, ಜೀಪಿಗೆ ಪಟಾಕಿ ಆಗುತ್ತದೆ.

ನಾನು ಮೇಡಂಗೆ ನಿಮ್ಮ ಹೆಸರು ಹೇಳಿದೆ. ಎಲ್ಲವನ್ನೂ ಹೇಳಿದೆ, ಪಟ್ಟಿಯ ಅಡಿ ಕೈ ಹಾಕಿದ್ದನ್ನೂ. ವಿಜಯಪುರದ ಗುರುಗಳು ಬಂದರೆ ನನಗೂ ಭೇಟಿ ಮಾಡಿಸಿ ಎಂದರು. ಹಾಗಾಗಿ ನೀವು ಬರಲೇಬೇಕು. ಈ ಸಲ ನಾನು ಬ್ರಿಜ್ಜಿನ ಮೇಲೆ ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿಗೇ ಬರುತ್ತೇನೆ, ಬೋಗಿಯ ಬಾಗಿಲಿಗೇ. ದೂರದಿಂದ ಕೂಗುವುದೂ ಇಲ್ಲ. ಬಂದು ಭುಜ ಮುಟ್ಟುತ್ತೇನೆ.

ತೂಫಾನ್ ಈಗ ಕಿಟಕಿಯಲ್ಲಿದ್ದಾನೆ, ಈ ಕಾಗದದ ಮೂಲೆ ಒದ್ದೆಯಾದದ್ದು ಅವನಿಂದ. ಇನ್ನೂ ಬರೆಯುವುದಿತ್ತು, ಅನೀಶನಿಗೆ ಕನ್ನಡ ಕಲಿಸುತ್ತಿರುವ ಕಥೆ ಬಾಕಿ ಉಂಟು. ಆದರೆ ಪುಷ್ಪಾವತಿ ಬಂದಳು. ನಿಮ್ಮ ಕಾಗದ ಓದಿದ ಮೇಲೆ ಅವಳು ಊಟಕ್ಕೆ ಹತ್ತು ಸಲ ಕರೆಯುವುದು ಬಿಟ್ಟಿದ್ದಾಳೆ. ಒಂದು ಬೆರಳು ನನ್ನ ಭುಜಕ್ಕೆ ಮುಟ್ಟಿಸಿ, ಮಾತಿಲ್ಲದೆ ಒಳಗೆ ಹೋದಳು.

ಹೊರಟೆ.